ಮಳೆಗಾಲ ಮತ್ತು ಎಳೆಗೂಸಿನ ಕೆಮ್ಮು: ಮಲೆನಾಡಿಗೆ ಹೊಸದಾಗಿ ಬಂದವರಿಗೆ

ಬಯಲುಸೀಮೆಯಿಂದ ವರ್ಗವಾಗಿ ಶಿವಮೊಗ್ಗ, ತೀರ್ಥಹಳ್ಳಿ, ಹೊಸನಗರದ ಕಡೆಗೆ ಬರುವ ಕುಟುಂಬಗಳು ಬಾಡಿಗೆ ಮನೆ, ಶಾಲೆಗಳ ವಿಚಾರ ಮುಗಿದ ಮೇಲೆ ನಮ್ಮ ಸಂಘದವರನ್ನು ಕೇಳುವುದು ಇದನ್ನೇ: ಇಲ್ಲಿಯ ಮಳೆ ಮಗುವಿಗೆ ಆಗಿಬರುತ್ತದೆಯೇ? ಮಳೆಯನ್ನು ಬೈಯಬೇಡಿ. ಜಡಿಮಳೆಗೆ ಬಾಗಿಲು ಹಾಕಿಕೊಂಡು ಎಲ್ಲರೂ ಒಂದೇ ಕೋಣೆಯಲ್ಲಿ ಕೂತಾಗ ಒಬ್ಬರ ನೆಗಡಿ ಮನೆಗೆಲ್ಲ ಹಬ್ಬುತ್ತದೆ.

ಕೂಸುಗಳ ಎದೆಗಿಳಿಯುವ ನೆಗಡಿಗೆ ಬಹಳ ಸಲ ಕಾರಣ ಆರ್‌ಎಸ್‌ವಿ ಎಂಬ ವೈರಸ್. 1956ರಲ್ಲಿ ಅಮೆರಿಕದ ಪ್ರಯೋಗಾಲಯವೊಂದರ ಚಿಂಪಾಂಜಿಗಳಿಗೆ ಮೂಗು ಸೋರತೊಡಗಿದಾಗ ಇದು ಮೊದಲು ಸಿಕ್ಕಿತು. ಮರುವರ್ಷ ರಾಬರ್ಟ್ ಚಾನಕ್ ಮತ್ತು ಸಂಗಡಿಗರು ಬಾಲ್ಟಿಮೋರ್‌ನ ಮಕ್ಕಳಲ್ಲಿ ಅದನ್ನೇ ಕಂಡರು. ಚಿಂಪಾಂಜಿ ಎಂದೊಡನೆ ನಮ್ಮ ಜಿಲ್ಲೆಯವರು ಮಂಗನ ಕಾಯಿಲೆಯೇ ಎಂದು ಬೆಚ್ಚುತ್ತಾರೆ. ಅದೇ 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಆ ವೈರಸ್ ಬೇರೆ, ಅದನ್ನು ಹರಡುವುದು ಉಣುಗು. ಆರ್‌ಎಸ್‌ವಿ ಹರಡುವುದು ನಮ್ಮ ಕೆಮ್ಮು, ಸೀನು, ಕೈಗಳಿಂದ.

ಎರಡು ವರ್ಷ ತುಂಬುವುದರೊಳಗೆ ಹೆಚ್ಚುಕಡಿಮೆ ಎಲ್ಲ ಮಕ್ಕಳಿಗೂ ಇದು ಒಮ್ಮೆ ತಗಲುತ್ತದೆ, ಮುಂದೆಯೂ ಮರಳಿ ಬರಬಹುದು. ದೊಡ್ಡವರಿಗೆ ಬರೀ ಶೀತ. ಕೂಸಿನ ಶ್ವಾಸನಾಳದ ಕಿರುಕವಲುಗಳಾದರೋ ಊತ ಮತ್ತು ಕಫದಿಂದ ಬೇಗ ಕಟ್ಟಿಕೊಳ್ಳುತ್ತವೆ. ಸಾಮಾನ್ಯವಾಗಿ ಮೂರರಿಂದ ಐದನೆಯ ದಿನದ ಹೊತ್ತಿಗೆ ತೊಂದರೆ ಜೋರಾಗುತ್ತದೆ.

ಜ್ವರ ನೋಡುವುದಕ್ಕಿಂತ ಉಸಿರು ಎಣಿಸುವುದನ್ನು ಕಲಿಯಿರಿ. ಮಗು ಅಳದೆ ಮಲಗಿರುವಾಗ ಅಂಗಿ ಮೇಲೆತ್ತಿ, ಹೊಟ್ಟೆ ಏರಿಳಿಯುವುದನ್ನು ಗಡಿಯಾರ ಹಿಡಿದು ಪೂರ್ತಿ ಒಂದು ನಿಮಿಷ ಎಣಿಸಿ. ಎರಡು ತಿಂಗಳೊಳಗಿನ ಕೂಸಿಗೆ 60, ವರ್ಷದೊಳಗಿನದಕ್ಕೆ 50, ಐದು ವರ್ಷದೊಳಗಿನದಕ್ಕೆ 40 ಮುಟ್ಟಿದರೆ ವೈದ್ಯರಿಗೆ ತೋರಿಸಿ. ಉಸಿರೆಳೆದಾಗ ಪಕ್ಕೆ ಒಳಸೆಳೆದರೆ, ತುಟಿ ನೀಲಿಯಾದರೆ, ಹಾಲು ಬಿಟ್ಟರೆ, ಉಸಿರು ನಡುವೆ ನಿಂತುನಿಂತು ಬಂದರೆ ಎಣಿಕೆಗೂ ಕಾಯಬೇಡಿ: 108ಕ್ಕೆ ಕರೆ ಮಾಡಿ. ಶಿವಮೊಗ್ಗದಲ್ಲಿ ಮೆಗ್ಗಾನ್ ಆಸ್ಪತ್ರೆಯಿದೆ. ಆಗುಂಬೆಯ ಕಡೆಯವರು, ಮಗು ಸಂಜೆ ಸ್ವಲ್ಪ ಮಂಕಾಗಿ ಕಂಡರೂ ಬೆಳಕಿರುವಾಗಲೇ ಹೊರಡುವುದು ಒಳ್ಳೆಯದು, ಮಳೆಗಾಲದಲ್ಲಿ ಮರ ಬಿದ್ದು ರಸ್ತೆ ಕಟ್ಟುವುದು ಇಲ್ಲಿ ಮಾಮೂಲು.

ನೆರೆಯವರು ಪ್ರೀತಿಯಿಂದ ದೊಡ್ಡಪತ್ರೆ ರಸಕ್ಕೆ ಜೇನು ಬೆರೆಸಿ ತರುತ್ತಾರೆ. ಒಂದು ವರ್ಷದೊಳಗಿನ ಮಗುವಿಗೆ ಜೇನು ಕೊಡಲೇಬಾರದು, ಎದೆಗೆ ಕರ್ಪೂರ ತಿಕ್ಕುವುದೂ ಬೇಡ. ಒದ್ದೆ ಬಟ್ಟೆ ಒಣಗಿಸಲು ಹಂಡೆಯ ಒಲೆ ಉರಿಸಿದರೆ ಕೂಸನ್ನು ಆ ಹೊಗೆಯಿಂದ ದೂರವಿಡಿ. ವೈರಸ್‌ಗೆ ಆಂಟಿಬಯಾಟಿಕ್ ನಾಟುವುದಿಲ್ಲ, ಅಂಗಡಿಯಿಂದ ನೀವೇ ಕೊಂಡು ತರಬೇಡಿ. ಎದೆಹಾಲನ್ನು ಸ್ವಲ್ಪ ಸ್ವಲ್ಪವಾಗಿ, ಮತ್ತೆ ಮತ್ತೆ ಕುಡಿಸಿ. ಬಾಣಂತಿಯನ್ನು ನೋಡಲು ಬಂದ ನೆಂಟರಿಗೆ ನೆಗಡಿಯಿದ್ದರೆ ಜಗಲಿಯಲ್ಲೇ ಕಾಫಿ ಕೊಟ್ಟು ಕಳಿಸಿ. ಬೇಸರವಾದರೆ ಆಗಲಿ.