ಬಸ್ಸಿನ ಕುಲುಕಾಟಕ್ಕೆ ಭ್ರೂಣ ಜಾರುವುದಿಲ್ಲ: ನನ್ನ ಅನುಭವ

ಚಿಕ್ಕಮಗಳೂರಿನಲ್ಲಿ ನಾನು ಸ್ತ್ರೀರೋಗ ವೈದ್ಯೆ. ಮಕ್ಕಳಿಗಾಗಿ ಕಾಯುತ್ತಿರುವವರು ಮೂಡಿಗೆರೆ, ಕೊಪ್ಪ, ಕಳಸದ ಕಡೆಯಿಂದ ಬಸ್ಸು ಹತ್ತಿ ನನ್ನ ಹತ್ತಿರ ಬರುತ್ತಾರೆ. ಅವರ ಒಂದು ಪ್ರಶ್ನೆ ಮಾತ್ರ ವರ್ಷಗಟ್ಟಲೆ ಬದಲಾಗಿಲ್ಲ. "ಮೇಡಂ, ಬಸ್ಸಲ್ಲಿ ಕುಲುಕಾಡಿಕೊಂಡು ಬಂದೆ, ನಿಲ್ಲಬೇಕಾಗಿದ್ದು ಜಾರಿ ಹೋಗುತ್ತಾ?" ಮೆಟ್ಟಿಲು ಹತ್ತಬೇಡ, ಕೊಡ ಎತ್ತಬೇಡ ಅಂತ ಮನೆಯಲ್ಲಿ ಹೇಳಿರುತ್ತಾರೆ. ಕೂಲಿ ಬಿಟ್ಟು ಮುಟ್ಟಿನ ದಿನದವರೆಗೂ ಹಾಸಿಗೆ ಬಿಡದವರನ್ನು ನೋಡಿದ್ದೇನೆ. ಇಷ್ಟೆಲ್ಲ ಮಾಡಿಯೂ ಮುಟ್ಟಾಯಿತು ಅಂದರೆ, ನನ್ನಿಂದಲೇ ಹೋಯ್ತು ಅಂತ ಅಳುತ್ತಾರೆ. ಆ ಅಳು ನನಗೆ ತಡೆಯೋಕಾಗುವುದಿಲ್ಲ. ಅದಕ್ಕೇ ಮಾತ್ರೆ ಬರೆಯುವ ಮುಂಚೆ ಚೀಟಿಯ ಹಿಂಬದಿಯಲ್ಲಿ ಒಂದು ಗೆರೆ ಎಳೆದು ದಿನಗಳನ್ನು ಗುರುತು ಹಾಕುತ್ತೇನೆ, ಗಂಡ ಬಂದಿದ್ದರೆ ಗಂಡನನ್ನೂ, ಅತ್ತೆ ಬಂದಿದ್ದರೆ ಅತ್ತೆಯನ್ನೂ ಪಕ್ಕದಲ್ಲೇ ಕೂರಿಸಿಕೊಂಡು.

ಗೆರೆಯ ಮೊದಲ ಗುರುತು ಮೊಟ್ಟೆ ಹೊರಬಿದ್ದ ದಿನ. 28 ದಿನಕ್ಕೆ ಸರಿಯಾಗಿ ಮುಟ್ಟಾಗುವವರಿಗೆ ಅದು ಹೆಚ್ಚುಕಮ್ಮಿ 14ನೇ ದಿನ. ಮೊಟ್ಟೆಗೆ ಒಂದು ದಿನದಷ್ಟೇ ಆಯಸ್ಸು. ವೀರ್ಯಾಣು ಅದನ್ನು ಸೇರುವುದು ಗರ್ಭಕೋಶದಲ್ಲಲ್ಲ, ಅದರ ಪಕ್ಕದ ಟ್ಯೂಬಿನಲ್ಲಿ, ಅಂದರೆ ಗರ್ಭನಾಳದಲ್ಲಿ. ಇದು ಬಹಳ ಜನಕ್ಕೆ ಗೊತ್ತಿರುವುದಿಲ್ಲ. ಅಲ್ಲೇ ಎರಡು, ನಾಲ್ಕು, ಎಂಟು ಜೀವಕೋಶ ಆಗುತ್ತಾ ಮೂರು ನಾಲ್ಕು ದಿನಕ್ಕೆ ಭ್ರೂಣ ಗರ್ಭಕೋಶಕ್ಕೆ ಇಳಿಯುತ್ತದೆ. ಐದನೇ ದಿನಕ್ಕೆ ಒಳಗೆ ನೀರು ತುಂಬಿಕೊಂಡು ಗುಂಡಗಾಗುತ್ತದೆ. ಇದಕ್ಕೆ ಬ್ಲಾಸ್ಟೋಸಿಸ್ಟ್ ಅನ್ನುತ್ತೇವೆ. ಹೊರಗಿನ ಜೀವಕೋಶಗಳು ಮುಂದೆ ಮಾಸು ಆಗುತ್ತವೆ, ಒಳಗಿನ ಚಿಕ್ಕ ಗುಂಪು ಮಗು.

ಆರು ಏಳನೇ ದಿನದ ಹತ್ತಿರ ನಾನು ಪೆನ್ನು ನಿಲ್ಲಿಸಿ ನಿಧಾನಕ್ಕೆ ಹೇಳುತ್ತೇನೆ. ಅಲ್ಲಿಯವರೆಗೆ ಭ್ರೂಣದ ಸುತ್ತ ಒಂದು ಪೊರೆ ಇರುತ್ತದೆ. ಅದು ಇರುವ ತನಕ ಭ್ರೂಣ ಎಲ್ಲೂ ಅಂಟುವುದಿಲ್ಲ. ಪೊರೆ ಒಡೆದು ಹೊರಗೆ ಬಂದ ಮೇಲೆ ಗರ್ಭಕೋಶದ ಒಳಪದರಕ್ಕೆ ಮೊದಲು ಸಡಿಲವಾಗಿ ತಾಗುತ್ತದೆ, ಆಮೇಲೆ ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ತಾಗಿದ ಕಡೆ ಹೊರಗಿನ ಜೀವಕೋಶಗಳು ನಡುವಿನ ಗೋಡೆ ಕಳೆದುಕೊಂಡು ಒಂದಾಗುತ್ತವೆ, ಒಳಪದರವನ್ನು ಸಡಿಲ ಮಾಡಿಕೊಂಡು ಒಳಗೆ ಇಳಿಯುತ್ತವೆ, ತಾಯಿಯ ಸಣ್ಣ ರಕ್ತನಾಳಗಳನ್ನು ಮುಟ್ಟುತ್ತವೆ. ಹತ್ತು ಹನ್ನೆರಡು ದಿನದ ಹೊತ್ತಿಗೆ ಭ್ರೂಣ ಪೂರ್ತಿ ಒಳಗೆ ಹೂತುಹೋಗಿ, ಮೇಲಿನಿಂದ ಪದರ ಮುಚ್ಚಿಕೊಳ್ಳುತ್ತದೆ. ತಾಯಿಯ ರೋಗನಿರೋಧಕ ಕಣಗಳು ಅಲ್ಲೇ ಸುತ್ತ ಇರುತ್ತವೆ, ಆದರೂ ಭ್ರೂಣವನ್ನು ಓಡಿಸುವುದಿಲ್ಲ, ರಕ್ತನಾಳ ಅಗಲವಾಗೋಕೆ ನೆರವಾಗುತ್ತವೆ. ಎಷ್ಟು ಸಲ ವಿವರಿಸಿದರೂ ಈ ಒಂದು ವಿಷಯ ನನಗೆ ಹಳೆಯದಾಗಿಲ್ಲ.

ಇನ್ನು ಜಾರುವ ಮಾತು. ಗರ್ಭಕೋಶ ಆಗ ಖಾಲಿ ಚೀಲ ಅಲ್ಲ. ಮಡಚಿದ ಚಪಾತಿಯ ಎರಡು ಪದರದ ಹಾಗೆ ಮುಂದಿನ ಗೋಡೆ ಹಿಂದಿನ ಗೋಡೆ ಒಂದಕ್ಕೊಂದು ತಾಗಿಕೊಂಡೇ ಇರುತ್ತವೆ. ಅವುಗಳ ನಡುವೆ, ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣ ಭ್ರೂಣ ಬಸ್ಸು ಗುಂಡಿಗೆ ಇಳಿದ ಮಾತ್ರಕ್ಕೆ ಉರುಳಿ ಹೋಗೋಕೆ ಜಾಗವೇ ಇಲ್ಲ, ಅಲ್ವಾ? ಕಳಸದ ಕಡೆಯ ಒಬ್ಬ ಅತ್ತೆ ಚೀಟಿಯನ್ನು ತಮ್ಮ ಕಡೆ ತಿರುಗಿಸಿಕೊಂಡು, ಗೆರೆಯ ಮೇಲೆ ಬೆರಳಿಟ್ಟು ಕೇಳಿದರು: "ಹಂಗಾದ್ರೆ ಡಾಕ್ಟ್ರಮ್ಮ, ಇವಳು ಕಾಫಿ ಕುಯ್ಯೋಕೆ ಹೋಗಬಹುದಾ?" ಹೋಗಲಿ ಅಮ್ಮ, ಔಷಧಿ ಹೊಡೆಯುವ ಕಡೆ ಮಾತ್ರ ಬೇಡ ಅಂದೆ. ಐವಿಎಫ್, ಅಂದರೆ ಲ್ಯಾಬಿನಲ್ಲಿ ಭ್ರೂಣ ಮಾಡಿ ಒಳಗಿಡುವ ಚಿಕಿತ್ಸೆ, ಮಾಡಿಸಿಕೊಂಡು ಬಂದವರಿಗೂ ಇದೇ ಮಾತು. ಭ್ರೂಣ ಒಳಗಿಟ್ಟ ಮೇಲೆ ಮಲಗಿಯೇ ಇರುವುದರಿಂದ ಗರ್ಭ ನಿಲ್ಲುವುದು ಹೆಚ್ಚಾಗಲ್ಲ ಅಂತ ಅಧ್ಯಯನಗಳಲ್ಲಿ ಕಂಡಿದೆ.

ಹಾಗಾದರೆ ಯಾಕೆ ನಿಲ್ಲಲ್ಲ? ಮೊಟ್ಟೆ ಬಿಟ್ಟುಹೋದ ಜಾಗದಿಂದ ಪ್ರೊಜೆಸ್ಟರಾನ್ ಅನ್ನುವ ಹಾರ್ಮೋನು ಬರುತ್ತದೆ, ಅದು ಒಳಪದರವನ್ನು ಹದಕ್ಕೆ ತರುತ್ತದೆ. 28 ದಿನದ ಲೆಕ್ಕದಲ್ಲಿ ಸುಮಾರು 20ರಿಂದ 24ನೇ ದಿನದವರೆಗೆ ಮಾತ್ರ ಆ ಪದರ ಭ್ರೂಣವನ್ನು ಹಿಡಿದುಕೊಳ್ಳುತ್ತದೆ. ಭ್ರೂಣ ಆ ಹೊತ್ತಿಗೆ ಬರಬೇಕು, ಚೆನ್ನಾಗಿಯೂ ಇರಬೇಕು. ಎಷ್ಟೋ ಸಲ ಭ್ರೂಣದ ಕ್ರೋಮೋಸೋಮಿನಲ್ಲೇ ಏರುಪೇರು ಇದ್ದು ಅದು ಮುಂದೆ ಬೆಳೆಯುವುದೇ ಇಲ್ಲ. ಇದಕ್ಕೂ ನೀವು ಹತ್ತಿದ ಮೆಟ್ಟಿಲಿಗೂ ಸಂಬಂಧ ಇಲ್ಲ. ಈ ವಾಕ್ಯವನ್ನು ಒಂದಕ್ಕೆ ಎರಡು ಸಲ ಹೇಳುತ್ತೇನೆ, ಅತ್ತೆಗೆ ಕೇಳುವ ಹಾಗೆ.

ಗೆರೆಯ ಕೊನೆಯಲ್ಲಿ ಕಾರ್ಡ್ ಟೆಸ್ಟಿನ, ಅಂದರೆ ಮೂತ್ರದಲ್ಲಿ ಗರ್ಭ ನೋಡುವ ಪರೀಕ್ಷೆಯ, ತಾರೀಖು ಬರೆದು ಸುತ್ತ ಒಂದು ವೃತ್ತ ಹಾಕುತ್ತೇನೆ. ಅದಕ್ಕಿಂತ ಮುಂಚೆ ಸುಮ್ನೆ ಕಿಟ್ ತಂದು ನೋಡಬೇಡಿ ಅನ್ನುತ್ತೇನೆ. ಕಾರ್ಡ್ ಹುಡುಕುವುದು ಎಚ್‌ಸಿಜಿ ಅನ್ನುವ ಹಾರ್ಮೋನನ್ನು. ಅಂಟಿಕೊಂಡ ಮೇಲೆಯೇ ಅದು ತಾಯಿಯ ರಕ್ತಕ್ಕೆ, ಮೂತ್ರಕ್ಕೆ ಬರುವುದು. ಅದು ಬಂದರೆ ಪ್ರೊಜೆಸ್ಟರಾನ್ ಮುಂದುವರಿಯುತ್ತದೆ, ಬರದಿದ್ದರೆ ಮುಟ್ಟು. ಅಮೆರಿಕದಲ್ಲಿ ವಿಲ್ಕಾಕ್ಸ್ ಮತ್ತು ಜೊತೆಗಾರರು ಹೆಂಗಸರ ಮೂತ್ರವನ್ನು ದಿನಾ ಪರೀಕ್ಷೆ ಮಾಡಿ 1999ರಲ್ಲಿ ಪ್ರಕಟಿಸಿದರು. ಆರು ವಾರ ದಾಟಿದ 141 ಗರ್ಭಗಳಲ್ಲಿ ನೂರಕ್ಕೆ 84, ಮೊಟ್ಟೆ ಹೊರಬಿದ್ದ ಮೇಲೆ 8, 9 ಅಥವಾ 10ನೇ ದಿನ ಅಂಟಿಕೊಂಡಿದ್ದವು. ತಡವಾದಷ್ಟೂ ಬೇಗ ಕಳೆದುಹೋಗುವುದು ಜಾಸ್ತಿ. ಅಂದರೆ ಒಂಬತ್ತನೇ ದಿನ ಕಾರ್ಡಿನಲ್ಲಿ ಒಂದೇ ಗೆರೆ ಬಂತು ಅಂತ ಅತ್ತವಳಿಗೆ ಹತ್ತನೇ ದಿನ ನಿಲ್ಲಬಹುದು. ಇನ್ನು ಮೊಟ್ಟೆ ಬಿಡಿಸೋಕೆ ಎಚ್‌ಸಿಜಿ ಇಂಜೆಕ್ಷನ್ ಕೊಟ್ಟಿದ್ದರೆ ಅದೇ ಹತ್ತು ಹದಿನಾಲ್ಕು ದಿನ ಮೈಯಲ್ಲಿದ್ದು ಸುಳ್ಳು ಎರಡು ಗೆರೆ ತೋರಿಸಬಹುದು. ಎರಡೂ ಕಡೆ ಮೋಸವೇ.

ಒಂದು ಹನಿ ರಕ್ತ ಕಂಡ ತಕ್ಷಣ ಪ್ರೊಜೆಸ್ಟರಾನ್ ಮಾತ್ರೆ ನಿಲ್ಲಿಸುವವರಿದ್ದಾರೆ. ದಯವಿಟ್ಟು ನಿಲ್ಲಿಸಬೇಡಿ, ಮೊದಲು ಫೋನ್ ಮಾಡಿ. ಆ ಒಂದು ಹನಿ ನೋಡಿ ನಿಂತಿತು ಅಂತಲೂ ಹೇಳೋಕಾಗಲ್ಲ, ಹೋಯಿತು ಅಂತಲೂ ಹೇಳೋಕಾಗಲ್ಲ.

ನಾನು ಗಟ್ಟಿ ದನಿಯಲ್ಲಿ ಹೇಳುವುದು ಒಂದೇ ವಿಷಯ. ಕೆಲವೊಮ್ಮೆ ಭ್ರೂಣ ಗರ್ಭಕೋಶಕ್ಕೆ ಬರದೆ ಟ್ಯೂಬಿನಲ್ಲೇ ಅಂಟಿಕೊಳ್ಳುತ್ತದೆ. ಆಗಲೂ ಕಾರ್ಡಿನಲ್ಲಿ ಎರಡು ಗೆರೆ ಬರುತ್ತದೆ. ಟ್ಯೂಬ್ ಒಡೆದರೆ ಹೊಟ್ಟೆಯೊಳಗೇ ರಕ್ತ ಹೋಗಿ ಜೀವಕ್ಕೆ ಅಪಾಯ. ಕಾರ್ಡ್ ಪಾಸಿಟಿವ್ ಆದ ಮೇಲೆ ಒಂದು ಪಕ್ಕ ಹೊಟ್ಟೆನೋವು, ತಲೆಸುತ್ತು, ಭುಜದ ತುದಿಯಲ್ಲಿ ನೋವು, ರಕ್ತಸ್ರಾವ ಇವುಗಳಲ್ಲಿ ಏನೇ ಬಂದರೂ ಬೆಳಗಾಗಲಿ ಅಂತ ಕಾಯಬೇಡಿ. ಎಸ್ಟೇಟಿನ ಲೈನ್ ಮನೆಯಲ್ಲಿರುವವರು ರಾತ್ರಿ ಯಾರ ಜೀಪ್ ಸಿಗುತ್ತದೆ ಅಂತ ಮೊದಲೇ ಕೇಳಿಟ್ಟುಕೊಳ್ಳಿ, 108 ನಂಬರ್ ಮನೆಯವರಿಗೆಲ್ಲ ಗೊತ್ತಿರಲಿ. ತೊಂದರೆ ಏನೂ ಇಲ್ಲದಿದ್ದರೂ ಕೊನೆಯ ಮುಟ್ಟಿನಿಂದ ಲೆಕ್ಕ ಹಾಕಿ ಆರು ಏಳು ವಾರಕ್ಕೆ ಒಂದು ಸ್ಕ್ಯಾನಿಂಗ್ ಮಾಡಿಸಿ. ಗರ್ಭ ಇರಬೇಕಾದ ಜಾಗದಲ್ಲೇ ಇದೆಯಾ ಅನ್ನುವುದು ಅದರಲ್ಲಿ ಗೊತ್ತಾಗುತ್ತದೆ.