ತರಕಾರಿ ಟಾರ್ಟ್: ತಳ ಗರಿಗರಿಯಾಗಿರಲು ನಾನು ಮಾಡುವ ಕ್ರಮ

ತರಕಾರಿ ಟಾರ್ಟ್ ಎಂದರೆ ಮೈದಾ ಹಿಟ್ಟಿನ, ಮೇಲೆ ಮುಚ್ಚದ ಕವಚದೊಳಗೆ ತರಕಾರಿ ಮತ್ತು ಮೊಟ್ಟೆಯ ಮಿಶ್ರಣ ತುಂಬಿ ಓವನ್‌ನಲ್ಲಿ ಬೇಯಿಸುವ ತಿನಿಸು. ಅದು ಕೆಡುವುದು ಬಹುಪಾಲು ನೀರಿನಿಂದ. ಹಿಟ್ಟಿಗೆ ನೀರು ಹೆಚ್ಚಾದರೆ ಹೊರಗಿನ ಕವಚ ಗಡುಸಾಗಿ ಕುಗ್ಗುತ್ತದೆ. ತರಕಾರಿಯಲ್ಲಿ ನೀರು ಉಳಿದರೆ ತಳ ಹಸಿಹಸಿಯಾಗಿರುತ್ತದೆ. ಮೊಟ್ಟೆಯ ಮಿಶ್ರಣ ಅತಿಯಾಗಿ ಬೆಂದರೆ ಅದೂ ಒಡೆದು ನೀರು ಬಿಡುತ್ತದೆ. ಹಾಗಾಗಿ ಕವಚವನ್ನೂ ತರಕಾರಿಯನ್ನೂ ಬೇರೆ ಬೇರೆಯಾಗಿ ಬೇಯಿಸಿಕೊಂಡು ಕೊನೆಗೆ ಜೋಡಿಸುತ್ತೇನೆ. ಎಲ್ಲವನ್ನೂ ಹಸಿಯಾಗಿಯೇ ತುಂಬಿ ಒಟ್ಟಿಗೆ ಓವನ್‌ಗೆ ಇಡುವ ವಿಧಾನ ನನಗೆ ಒಗ್ಗುವುದಿಲ್ಲ.

23 ಸೆಂಟಿಮೀಟರ್ ಅಗಲ, ಸುಮಾರು 3 ಸೆಂಟಿಮೀಟರ್ ಆಳದ, ತಳ ಬಿಡಿಸಬಹುದಾದ ಲೋಹದ ಅಚ್ಚಿಗೆ ಈ ಅಳತೆ: ಮೈದಾ 200 ಗ್ರಾಂ, ಫ್ರಿಜ್‌ನಿಂದ ಆಗಷ್ಟೇ ತೆಗೆದ ಬೆಣ್ಣೆ 100 ಗ್ರಾಂ, ಉಪ್ಪು ಅರ್ಧ ಟೀ ಚಮಚ, ಐಸ್ ಹಾಕಿದ ನೀರು 3ರಿಂದ 4 ಟೇಬಲ್ ಚಮಚ. ಗಾಜು ಅಥವಾ ಪಿಂಗಾಣಿ ಅಚ್ಚಾದರೂ ನಡೆಯುತ್ತದೆ. ಆದರೆ ಅವು ನಿಧಾನವಾಗಿ ಕಾಯುವುದರಿಂದ ತಳಕ್ಕೆ ಬಣ್ಣ ಬರಲು ಐದಾರು ನಿಮಿಷ ಹೆಚ್ಚು ಬೇಕು.

ಬೆಣ್ಣೆಯನ್ನು ಸಣ್ಣ ಚೌಕಗಳಾಗಿ ಕತ್ತರಿಸಿ, ಉಪ್ಪು ಬೆರೆಸಿದ ಮೈದಾಕ್ಕೆ ಹಾಕಿ, ಬೆರಳ ತುದಿಯಿಂದ ಮಾತ್ರ ಉಜ್ಜುತ್ತಾ ಹೋಗಬೇಕು. ಅಂಗೈ ಬಿಸಿಗೆ ಬೆಣ್ಣೆ ಕರಗಿಬಿಡುತ್ತದೆ. ಹೆಚ್ಚಿನ ಭಾಗ ಒರಟು ರವೆಯಂತಾಗಿ, ಅಲ್ಲಲ್ಲಿ ಬಟಾಣಿ ಗಾತ್ರದ ಚೂರುಗಳು ಕಾಣುತ್ತಿರುವಾಗಲೇ ನಿಲ್ಲಿಸಿ. ಆ ಚೂರುಗಳೇ ಒಲೆಯಲ್ಲಿ ಕರಗಿ ಪದರದಂಥ ಗರಿಗರಿ ತರುವುದು. ನೀರನ್ನು ಒಂದೊಂದೇ ಚಮಚ ಚಿಮುಕಿಸಿ. ಮುಷ್ಟಿಯಲ್ಲಿ ಒತ್ತಿದಾಗ ಹಿಟ್ಟು ಒಟ್ಟಾಗಿ ನಿಂತರೆ ಸಾಕು, ಬೋಗುಣಿಯಲ್ಲಿ ಪುಡಿಪುಡಿಯಾಗಿ ಕಂಡರೂ ಚಿಂತೆಯಿಲ್ಲ. ನಾದಲೇಬಾರದು. ನಾದಿದಷ್ಟೂ ಗ್ಲುಟೆನ್ (ಮೈದಾಕ್ಕೆ ಎಳೆತ ಕೊಡುವ ಪ್ರೋಟೀನ್) ಬಿಗಿಯಾಗಿ, ಬೇಯುವಾಗ ಕವಚ ಅಚ್ಚಿನ ಅಂಚಿನಿಂದ ಕೆಳಗೆ ಜಾರುತ್ತದೆ. ಒಟ್ಟುಗೂಡಿಸಿ, ಚಪ್ಪಟೆ ಬಿಲ್ಲೆ ಮಾಡಿ, ಮುಚ್ಚಿ ಫ್ರಿಜ್‌ನಲ್ಲಿ ಒಂದು ಗಂಟೆ ಇಡುತ್ತೇನೆ. ಚಪ್ಪಟೆಯಾಗಿದ್ದರೆ ತಂಪು ಬೇಗ ಒಳಗಿಳಿಯುತ್ತದೆ, ಲಟ್ಟಿಸುವಾಗ ಅಂಚು ಬಿರುಕು ಬಿಡುವುದೂ ಕಡಿಮೆ.

ಲಟ್ಟಿಸುವುದು ಎರಡು ಬೇಕಿಂಗ್ ಪೇಪರ್‌ಗಳ ನಡುವೆ, 3 ಮಿಲಿಮೀಟರ್ ದಪ್ಪಕ್ಕೆ. ಒಣ ಹಿಟ್ಟು ಉದುರಿಸುವ ಅಗತ್ಯವೇ ಬರುವುದಿಲ್ಲ. ಅಚ್ಚಿಗೆ ಹಾಸುವಾಗ ಹಾಳೆಯನ್ನು ಎಳೆಯಬೇಡಿ. ಅಂಚನ್ನು ಮೇಲಕ್ಕೆತ್ತಿ ಹಿಡಿದು, ಮೂಲೆಗೆ ತಾನಾಗಿಯೇ ಇಳಿಯಲು ಬಿಡಿ. ಎಳೆದು ಕೂರಿಸಿದ ಹಿಟ್ಟು ಓವನ್‌ನಲ್ಲಿ ಎಳೆದಷ್ಟೇ ವಾಪಸು ಹೋಗುತ್ತದೆ. ಹೆಚ್ಚಾಗಿ ಉಳಿದ ಹಿಟ್ಟಿನ ಒಂದು ಚೂರನ್ನು ಎಸೆಯದೆ ಇಟ್ಟುಕೊಳ್ಳುತ್ತೇನೆ, ಮುಂದೆ ತೇಪೆಗೆ ಬೇಕಾಗುತ್ತದೆ. ತಳಕ್ಕೆ ಫೋರ್ಕಿನಿಂದ ಚುಚ್ಚಿ, ಅಚ್ಚನ್ನು ಫ್ರೀಜರ್‌ನಲ್ಲಿ 20 ನಿಮಿಷ ಇಡುತ್ತೇನೆ.

ಅಷ್ಟರಲ್ಲಿ ಓವನ್ 190 ಡಿಗ್ರಿ ಸೆಲ್ಸಿಯಸ್‌ಗೆ ಕಾಯಲಿ, ಒಳಗೆ ಒಂದು ಖಾಲಿ ಟ್ರೇ ಕೂಡ ಕಾಯುತ್ತಿರಲಿ. ಅಚ್ಚನ್ನು ಆ ಬಿಸಿ ಟ್ರೇಯ ಮೇಲೆಯೇ ಇಟ್ಟರೆ ತಳಕ್ಕೆ ಮೊದಲ ಕ್ಷಣದಿಂದಲೇ ಶಾಖ ಸಿಗುತ್ತದೆ. ಹಿಟ್ಟಿನ ಮೇಲೆ ಬೇಕಿಂಗ್ ಪೇಪರ್ ಹಾಸಿ, ಒಣ ಕಾಳುಗಳನ್ನು ಅಂಚಿನ ಮಟ್ಟದವರೆಗೂ ತುಂಬಿ. ತಳ ಮುಚ್ಚುವಷ್ಟೇ ಹಾಕಿದರೆ ಪಕ್ಕದ ಗೋಡೆಗೆ ಆಸರೆ ಇಲ್ಲದೆ ಕುಸಿಯುತ್ತದೆ. 20 ನಿಮಿಷದ ನಂತರ ಕಾಳು, ಪೇಪರ್ ತೆಗೆದು ಇನ್ನೂ 8ರಿಂದ 10 ನಿಮಿಷ ಬೇಯಿಸಿ. ತಳ ಬಿಳಿಚಿಕೊಂಡಿದ್ದರೆ, ಮುಟ್ಟಿದಾಗ ಜಿಡ್ಡು ಅನ್ನಿಸಿದರೆ, ಅದು ಇನ್ನೂ ಬೆಂದಿಲ್ಲ. ತಿಳಿ ಕಂದು ಬಣ್ಣ ಬಂದು, ಒಣಗಿ, ಬೆರಳಿನಿಂದ ತಟ್ಟಿದರೆ ಟಕ್ ಎನ್ನಬೇಕು. ಬಿರುಕು ಕಂಡರೆ ಎತ್ತಿಟ್ಟ ಹಿಟ್ಟನ್ನು ತೆಳುವಾಗಿ ಒತ್ತಿ ಮುಚ್ಚಿ. ಇಲ್ಲವಾದರೆ ಮಿಶ್ರಣ ಅಲ್ಲಿಂದ ಸೋರಿ ಅಚ್ಚಿಗೆ ಅಂಟಿಕೊಳ್ಳುತ್ತದೆ. ಕೊನೆಗೆ ಒಂದಿಷ್ಟು ಮೊಟ್ಟೆಯ ಬಿಳಿ ಸವರಿ ಎರಡು ನಿಮಿಷ ಮತ್ತೆ ಒಳಗಿಟ್ಟರೆ ತೆಳು ಪೊರೆಯೊಂದು ಕೂರುತ್ತದೆ, ತೇವ ಬೇಗ ಇಳಿಯುವುದಿಲ್ಲ. ಈ ಕಾಳುಗಳು ಮತ್ತೆ ಅಡುಗೆಗೆ ಬಾರವು. ಡಬ್ಬಿಯಲ್ಲಿ ಇಟ್ಟರೆ ಇದೇ ಕೆಲಸಕ್ಕೆ ಎಷ್ಟು ಸಲ ಬೇಕಾದರೂ ಬಳಸಬಹುದು.

ಇನ್ನು ತರಕಾರಿ. ಟೊಮೇಟೊ, ಅಣಬೆ, ಪಾಲಕ್, ಜುಕಿನಿ ಎಲ್ಲದರಲ್ಲೂ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ನೀರೇ. 300 ಗ್ರಾಂ ಪಾಲಕ್ ಬಾಣಲೆಯಲ್ಲಿ ಬಾಡಿಸಿ, ಬಟ್ಟೆಯಲ್ಲಿ ಕಟ್ಟಿ ಹಿಂಡಿದರೆ ಉಳಿಯುವುದು ಒಂದು ಹಿಡಿ. ಎರಡು ದೊಡ್ಡ ಈರುಳ್ಳಿಯನ್ನು ತೆಳುವಾಗಿ ಹೆಚ್ಚಿ, ಸಣ್ಣ ಉರಿಯಲ್ಲಿ 25 ನಿಮಿಷವಾದರೂ ಬಾಡಿಸುತ್ತೇನೆ. ಇದೇ ಟಾರ್ಟ್‌ಗೆ ಸಿಹಿಯ ಆಧಾರ, ಇದರಲ್ಲಿ ಅವಸರ ಮಾಡಬಾರದು. ಅಣಬೆಯನ್ನು ಅಗಲ ಬಾಣಲೆಯಲ್ಲಿ ದೊಡ್ಡ ಉರಿಯಲ್ಲಿ, ಬಿಟ್ಟ ನೀರೆಲ್ಲ ಇಂಗಿ ಅಂಚು ಕೆಂಪಾಗುವವರೆಗೆ ಹುರಿಯಬೇಕು. ಉಪ್ಪು ಆಮೇಲೆ. ಜುಕಿನಿಗೆ ಇದರ ತದ್ವಿರುದ್ಧ: ಹೆಚ್ಚಿದ ಕೂಡಲೇ ಉಪ್ಪು ಸವರಿ 20 ನಿಮಿಷ ಜರಡಿಯಲ್ಲಿಟ್ಟು, ಹಿಂಡಿ, ಒರೆಸಿ ನಂತರ ಹುರಿಯುವುದು. ಆ ಉಪ್ಪನ್ನು ಕೊನೆಯ ಲೆಕ್ಕಕ್ಕೆ ಸೇರಿಸಿಕೊಳ್ಳಿ. ಟೊಮೇಟೊ ಬೇಕೇ ಬೇಕೆಂದರೆ ಬೀಜದ ತಿರುಳು ತೆಗೆದು, ಹೋಳುಗಳನ್ನು ಮೇಲ್ಗಡೆ ಮಾತ್ರ ಜೋಡಿಸಿ. ಎಲ್ಲ ಸೇರಿ ಬೆಂದ ತರಕಾರಿ 300 ಗ್ರಾಂ ಮೀರದಿರಲಿ, ಮತ್ತು ಪೂರ್ತಿ ಆರಿರಲಿ. ಬಿಸಿ ತರಕಾರಿಯ ಹಬೆ ಕವಚವನ್ನು ತುಂಬುವ ಮೊದಲೇ ಮೆತ್ತಗಾಗಿಸುತ್ತದೆ.

ಮಿಶ್ರಣ: 2 ಮೊಟ್ಟೆ, 1 ಹಳದಿ, ಕ್ರೀಮ್ 150 ಮಿಲಿ, ಹಾಲು 100 ಮಿಲಿ, ಉಪ್ಪು ಅರ್ಧ ಟೀ ಚಮಚಕ್ಕಿಂತ ತುಸು ಕಡಿಮೆ, ಕಾಳುಮೆಣಸಿನ ಪುಡಿ, ಚಿಟಿಕೆ ಜಾಯಿಕಾಯಿ. ಬರೀ ಹಾಲಿನಲ್ಲಿ ಮಾಡಿದರೆ ಬೇಗ ಒಡೆಯುತ್ತದೆ, ಕ್ರೀಮ್‌ನ ಕೊಬ್ಬು ಅದನ್ನು ತಡೆಯುತ್ತದೆ. ನೊರೆ ಬರುವಂತೆ ಕಡೆಯದೆ, ಫೋರ್ಕಿನಿಂದ ಕಲಸಿ ಜರಡಿ ಹಿಡಿಯುತ್ತೇನೆ. ನೊರೆ ಇದ್ದರೆ ಉಬ್ಬಿ, ಆಮೇಲೆ ಕುಸಿದು ಮೇಲ್ಮೈ ಸುಕ್ಕಾಗುತ್ತದೆ.

ಕವಚದ ತಳಕ್ಕೆ 60 ಗ್ರಾಂ ತುರಿದ ಗಟ್ಟಿ ಚೀಸ್‌ನ ಅರ್ಧ, ಅದರ ಮೇಲೆ ತರಕಾರಿ, ಉಳಿದ ಚೀಸ್. ಅಚ್ಚನ್ನು ಓವನ್‌ನೊಳಗಿನ ಟ್ರೇಯಲ್ಲಿಟ್ಟ ಮೇಲೆಯೇ ಮಿಶ್ರಣ ಸುರಿಯುವುದು ಒಳ್ಳೆಯದು. ತುಂಬಿದ ಅಚ್ಚು ಹೊತ್ತು ನಡೆದರೆ ಚೆಲ್ಲದೇ ಇರದು. ಅಂಚಿಗಿಂತ ಅರ್ಧ ಸೆಂಟಿಮೀಟರ್ ಕೆಳಗೆ ನಿಲ್ಲಿಸಿ. 170 ಡಿಗ್ರಿಯಲ್ಲಿ, ಕೆಳಗಿನ ಹಂತದಲ್ಲಿ, 30ರಿಂದ 35 ನಿಮಿಷ. ಅಚ್ಚನ್ನು ಮೆಲ್ಲಗೆ ಅಲುಗಿಸಿದಾಗ ಅಂಚು ಗಟ್ಟಿಯಾಗಿದ್ದು, ನಡುವಿನ ಮೂರು ಬೆರಳಗಲ ಮಾತ್ರ ನಡುಗಬೇಕು. ಥರ್ಮಾಮೀಟರ್ ಇದ್ದರೆ ನಡುವೆ 75ರಿಂದ 80 ಡಿಗ್ರಿ. ಹೊರಗೆ ತೆಗೆದ ಮೇಲೂ ಬೇಯುವುದು ಮುಂದುವರಿಯುತ್ತದೆ. ಮೇಲ್ಮೈ ಉಬ್ಬಿ ಬಿರುಕು ಬಿಟ್ಟಿದ್ದರೆ ಹೊತ್ತು ಮೀರಿದೆ ಎಂದರ್ಥ, ಕತ್ತರಿಸಿದಾಗ ನೀರು ಕಾಣುತ್ತದೆ.

ಮೊಟ್ಟೆ ಬೇಡವಾದರೆ 200 ಗ್ರಾಂ ಮೆದು ಪನೀರ್, ತಲಾ 100 ಮಿಲಿ ಕ್ರೀಮ್ ಮತ್ತು ಹಾಲು, 2 ಟೇಬಲ್ ಚಮಚ ಕಾರ್ನ್‌ಫ್ಲೋರ್ ಸೇರಿಸಿ ನುಣ್ಣಗೆ ರುಬ್ಬಿಕೊಳ್ಳಿ. ಇಲ್ಲಿ ಬೇಗ ತೆಗೆಯುವುದೇ ತಪ್ಪು: ಕಾರ್ನ್‌ಫ್ಲೋರ್ ಪೂರ್ತಿ ಗಟ್ಟಿಯಾಗಲು ಕುದಿಯ ಹತ್ತಿರದ ಶಾಖ ಬೇಕು. 180 ಡಿಗ್ರಿಯಲ್ಲಿ 35ರಿಂದ 40 ನಿಮಿಷ, ಅಂಚಿನಲ್ಲಿ ಗುಳ್ಳೆ ಏಳುವವರೆಗೆ. ಬಿಸಿಯಲ್ಲಿ ಇನ್ನೂ ಸಡಿಲ ಅನ್ನಿಸುತ್ತದೆ, ಆರಿದ ಮೇಲೆ ನಿಲ್ಲುತ್ತದೆ. ಕವಚಕ್ಕೆ ಮೊಟ್ಟೆಯ ಬಿಳಿಯ ಬದಲು ತಳದ ಚೀಸನ್ನೇ ತುಸು ಹೆಚ್ಚು ಹಾಕಿದರಾಯಿತು.

ಕತ್ತರಿಸಲು ಕನಿಷ್ಠ 20 ನಿಮಿಷ ಕಾಯಿರಿ. ಅಷ್ಟು ಹೊತ್ತೂ ಜಾಲರಿಯ ಮೇಲಿರಲಿ, ಕಲ್ಲಿನ ಮೇಲಿಟ್ಟರೆ ಅಡಿಯಲ್ಲಿ ಬೆವರುತ್ತದೆ. ಉಳಿದದ್ದು ಫ್ರಿಜ್‌ನಲ್ಲಿ ಎರಡು ದಿನ ಚೆನ್ನಾಗಿರುತ್ತದೆ. ಮೈಕ್ರೋವೇವ್‌ನಲ್ಲಿ ಬಿಸಿ ಮಾಡಿದರೆ ಕವಚ ಮೆತ್ತಗಾಗುತ್ತದೆ, 160 ಡಿಗ್ರಿ ಓವನ್‌ನಲ್ಲಿ ಕಾಲು ಗಂಟೆ ಇಟ್ಟರೆ ಮತ್ತೆ ಗರಿಗರಿ.