ಮಡಿಸುವ ಹಳೆಯ ಕ್ಯಾಮೆರಾಕ್ಕೆ ಫಿಲ್ಮ್ ಹಾಕುವ ಮುನ್ನ

ಚಿಕ್ಕಮಗಳೂರಿನ ಹಳೆಯ ಮನೆಗಳ ಅಟ್ಟದಲ್ಲೋ ಬೀರುವಿನಲ್ಲೋ ಆಗ್ಫಾ ಐಸೊಲೆಟ್‌ನಂತಹ ಮಡಿಸುವ ಕ್ಯಾಮೆರಾ ಸಿಕ್ಕವರು, ಫಿಲ್ಮ್ ಹಾಕುವ ಮೊದಲು ಲೆನ್ಸಿಗೂ ಪೆಟ್ಟಿಗೆಗೂ ನಡುವಿನ ತಿದಿಯಂತಹ ಮಡಿಕೆಯನ್ನು ಪರೀಕ್ಷಿಸಬೇಕೆಂದು ಕೋರುತ್ತೇನೆ. ರಾತ್ರಿ ದೀಪವಾರಿಸಿ, ಕ್ಯಾಮೆರಾದ ಹಿಂಬಾಗಿಲು ತೆರೆದು, ಒಳಗೆ ಸಣ್ಣ ಟಾರ್ಚ್ ಹಿಡಿದು ಪ್ರತಿಯೊಂದು ಮಡಿಕೆಯ ಮೂಲೆಯನ್ನೂ ಹೊರಗಿನಿಂದ ನೋಡಿದರೆ, ಸೂಜಿಮೊನೆಯಷ್ಟು ತೂತಿದ್ದರೂ ನಕ್ಷತ್ರದಂತೆ ಹೊಳೆದು ಕಾಣುತ್ತದೆ. ಈ ಮಾದರಿಯಲ್ಲಿ ಇಂತಹ ತೂತುಗಳು ಬಹಳ ಸಾಮಾನ್ಯ.

ಇನ್ನೊಂದು ಮಾತನ್ನು ಅನೇಕರು ಗಮನಿಸುವುದಿಲ್ಲ. ಲೆನ್ಸ್ ಇರುವ ಮುಂಬದಿಯ ಮುಚ್ಚಳವನ್ನು ಥಟ್ಟನೆ ತೆರೆದರೆ ಮಡಿಕೆ ಹಿಗ್ಗುವಾಗ ಗಾಳಿಯ ಸೆಳೆತಕ್ಕೆ ಫಿಲ್ಮ್ ಮುಂದಕ್ಕೆ ಬಾಗಿ ಚಿತ್ರ ಮಸುಕಾಗಬಹುದು. ಆದ್ದರಿಂದ ಕೈಯಿಂದ ತಡೆದು ನಿಧಾನವಾಗಿ ತೆರೆಯಬೇಕು, ತೆರೆದ ಮೇಲೆಯೇ ಫಿಲ್ಮನ್ನು ಮುಂದಿನ ಅಂಕಿಗೆ ಸುತ್ತಬೇಕು.

ಈ ಕ್ಯಾಮೆರಾಕ್ಕೆ ಹಾಕುವ, 120 ಎಂದು ಕರೆಯುವ ಅಗಲ ಫಿಲ್ಮಿನ ಒಂದು ಸುರುಳಿಯಲ್ಲಿ ಚೌಕಾಕಾರದ 12 ಚಿತ್ರಗಳಷ್ಟೇ ಬರುತ್ತವೆ, ಆದರೆ ಪ್ರತಿಯೊಂದರ ವಿಸ್ತೀರ್ಣವು 35 ಎಂಎಂ ಚಿತ್ರದ ಮೂರೂವರೆ ಪಟ್ಟಿಗಿಂತ ಹೆಚ್ಚು. ಬೇಲೂರಿನ ಗೋಡೆಯ ಕೆತ್ತನೆಯನ್ನು ಬೆಳಗಿನ ಓರೆ ಬಿಸಿಲಿನಲ್ಲಿ ತೆಗೆದು ನೋಡಿದವರಿಗೆ ಆ ಅಗಲದ ಬೆಲೆ ತಿಳಿಯುತ್ತದೆ.

ನಮ್ಮ ಮಳೆಗಾಲದ ತೇವಕ್ಕೆ ಲೆನ್ಸಿಗೆ ಬೂಷ್ಟು ಬೇಗ ಹಿಡಿಯುವುದರಿಂದ, ಕ್ಯಾಮೆರಾವನ್ನು ಚರ್ಮದ ಚೀಲದಿಂದ ಹೊರತೆಗೆದು, ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಇಡಿ.